ಕೆಲಸ ಬಿಡಲಾ, ಸಿನಿಮಾ ಬಿಡಲಾ? ಸಾಕ್ಷ್ಯಚಿತ್ರದ ಹಾದಿ ಹಿಡಿದವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಯಾವ ಕಂಪನಿಯ ಹಂಗೂ ಇಲ್ಲದೆ, ಸ್ವಂತವಾಗಿ ಸಾಕ್ಷ್ಯಚಿತ್ರ ಮಾಡುತ್ತಾ ಬದುಕಬಹುದಾ? ನಾನು ಮೊದಲು ಬೇರೆಯವರ ಚಿತ್ರಗಳಿಗೆ ಸೌಂಡ್ ರೆಕಾರ್ಡ್ ಮಾಡುತ್ತಿದ್ದೆ. ನನ್ನದೇ ಚಿತ್ರಗಳನ್ನು ಆಮೇಲೆ ಶುರು ಮಾಡಿದೆ. ಈಗಲೂ ಎರಡೂ ಕೆಲಸ ಮಾಡುತ್ತೇನೆ. ಅಲ್ಲಿ ಕಂಡದ್ದನ್ನು ಇಟ್ಟುಕೊಂಡೇ ಉತ್ತರ ಬರೆದಿದ್ದೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ. ಕೆಲವರು ಮನೆಯಲ್ಲಿ, ಆಫೀಸಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಪ್ರಶ್ನೆ: ನನಗೆ 27 ವರ್ಷ, ಸಾಫ್ಟ್‌ವೇರ್ ಕೆಲಸ. ಒಂದು ಡಾಕ್ಯುಮೆಂಟರಿ ಮಾಡಬೇಕು ಅಂತ ಬಹಳ ದಿನದಿಂದ ಆಸೆ. ಅರ್ಧ ಮನಸ್ಸಿನಿಂದ ಮಾಡಿದರೆ ಆಗಲ್ಲ, ಕೆಲಸ ಬಿಟ್ಟು ಇಳಿ ಅಂತ ಗೆಳೆಯರು ಹೇಳುತ್ತಾರೆ. ಬಿಡಲಾ?

ಈಗಲೇ ಬಿಡಬೇಡಿ. ಕೆಲಸ ಬಿಟ್ಟ ದಿನದಿಂದಲೇ ನಿಮ್ಮ ಹೊಟ್ಟೆಪಾಡಿನ ಭಾರವೆಲ್ಲ ಆ ಚಿತ್ರದ ಮೇಲೆ ಬೀಳುತ್ತದೆ. ಆಗ ನಿಮಗೆ ಗೊತ್ತಿಲ್ಲದೆಯೇ ಅವಸರ ಶುರುವಾಗುತ್ತದೆ. ಎದುರಿಗಿರುವ ಮನುಷ್ಯ ಇನ್ನೂ ಮನಸ್ಸು ಬಿಚ್ಚಿರುವುದಿಲ್ಲ, ನೀವು ಮಾತ್ರ ಇವತ್ತೇ ಒಂದು ಒಳ್ಳೆಯ ದೃಶ್ಯ ಸಿಗಲಿ ಅಂತ ಕಾಯುತ್ತಿರುತ್ತೀರಿ. ಅದು ಅವರಿಗೆ ತಿಳಿಯುತ್ತದೆ. ನಾನು ನೋಡಿದ ಮಟ್ಟಿಗೆ ಸಾಕ್ಷ್ಯಚಿತ್ರಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಕ್ಯಾಮೆರಾ ಚೆನ್ನಾಗಿಲ್ಲ ಅಂತ ಸೋತ ಚಿತ್ರ ಕಡಿಮೆ.

ನಾನು ಆಂಬುಲೆನ್ಸ್ ಚಾಲಕರೊಬ್ಬರ ಬಗ್ಗೆ ಚಿತ್ರ ಮಾಡಿದೆ. ಶುರುವಿನಲ್ಲಿ ಅವರು ನನಗೆ ಕೊಟ್ಟಿದ್ದು ಕೆಲಸದ ವಿವರ ಮಾತ್ರ: ಎಷ್ಟು ಹೊತ್ತಿಗೆ ಕರೆ ಬರುತ್ತದೆ, ಗಾಡಿಯಲ್ಲಿ ಏನೇನು ಇರಬೇಕು, ಆಮ್ಲಜನಕದ ಸಿಲಿಂಡರ್ ಯಾವಾಗ ಬದಲಿಸಬೇಕು. ಎಲ್ಲವೂ ಸರಿಯಾದ ಮಾಹಿತಿ, ಆದರೆ ಅದರಲ್ಲಿ ಅವರು ಇರಲಿಲ್ಲ. ಬಹಳ ತಿಂಗಳು ಕಳೆದ ಮೇಲೆ ಒಂದು ರಾತ್ರಿ, ಗಾಡಿ ತೊಳೆಯುತ್ತಾ, ತಾವಾಗಿಯೇ ಒಂದು ಮಾತು ತೆಗೆದರು. ರೋಗಿಯನ್ನು ಇಳಿಸಿದ ಮೇಲೆ ಅವರು ಬದುಕಿದರೋ ಇಲ್ಲವೋ ಅಂತ ನಾನು ಯಾವತ್ತೂ ಕೇಳಲ್ಲ ಮೇಡಂ, ಕೇಳಿದರೆ ಮುಂದಿನ ಗಾಡಿ ಓಡಿಸೋಕಾಗಲ್ಲ ಅಂದರು. ಆ ಚಿತ್ರ ನಿಂತಿರುವುದೇ ಆ ಮಾತಿನ ಮೇಲೆ. ಹಣದ ಒತ್ತಡ ಇದ್ದಿದ್ದರೆ ನಾನು ಅಷ್ಟು ಹೊತ್ತಿಗೆ ಎಡಿಟಿಂಗ್‌ಗೆ ಕೂತುಬಿಟ್ಟಿರುತ್ತಿದ್ದೆ.

ಅರ್ಧ ಮನಸ್ಸು ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಎರಲ್ ಮಾರಿಸ್ ಆಸ್ಕರ್ ಗೆದ್ದ ಸಾಕ್ಷ್ಯಚಿತ್ರ ನಿರ್ದೇಶಕ, ಅವರು ಟಿವಿ ಜಾಹೀರಾತುಗಳನ್ನೂ ಮಾಡುತ್ತಾ ಬಂದವರು. ಈ ಕ್ಷೇತ್ರದಲ್ಲಿ ಬಹಳ ಜನ ಪಾಠ ಮಾಡುತ್ತಾರೆ, ಕಂಪನಿಗಳಿಗೆ ವಿಡಿಯೋ ಮಾಡಿಕೊಡುತ್ತಾರೆ, ಸಬ್‌ಟೈಟಲ್ ಬರೆಯುತ್ತಾರೆ, ಬೇರೆಯವರ ಚಿತ್ರ ಎಡಿಟ್ ಮಾಡುತ್ತಾರೆ. ಅದರಲ್ಲಿ ಯಾವ ಸೋಲೂ ಇಲ್ಲ. ನಿಮ್ಮ ಚಿತ್ರಕ್ಕೆ ಸಮಯ ಕೊಳ್ಳುವ ದಾರಿ ಅದು.

ಆದರೆ ಯಾವ ಕೆಲಸ ಅನ್ನುವುದು ಮುಖ್ಯ. ಹಗಲಿಡೀ ಬೇರೆಯವರ ಫುಟೇಜ್ ಎಡಿಟ್ ಮಾಡಿದರೆ ಸಂಜೆ ನಿಮ್ಮದನ್ನು ನೋಡಲು ಕಣ್ಣಿಗೂ ಮನಸ್ಸಿಗೂ ಶಕ್ತಿ ಇರುವುದಿಲ್ಲ. ನನಗೆ ಸೌಂಡ್ ಕೆಲಸ ಒಗ್ಗಿದ್ದು ಅದಕ್ಕೇ. ಶೂಟಿಂಗ್ ಮುಗಿಯಿತು, ಫೈಲ್ ಕೊಟ್ಟೆ, ಅಲ್ಲಿಗೆ ಮುಗಿಯಿತು. ತಲೆಯಲ್ಲಿ ಏನೂ ಉಳಿಯುವುದಿಲ್ಲ. ನಿಮ್ಮ ಸಾಫ್ಟ್‌ವೇರ್ ಕೆಲಸ ಶನಿವಾರ, ಭಾನುವಾರ ನಿಮ್ಮನ್ನು ಬಿಡುತ್ತದೆ ಅಂದರೆ ಅದು ಒಳ್ಳೆಯ ಕೆಲಸವೇ.

ಮೊದಲು ಹತ್ತು ನಿಮಿಷದ ಒಂದು ಚಿತ್ರ ಮಾಡಿ. ಒಬ್ಬ ಮನುಷ್ಯ, ಒಂದು ಜಾಗ, ಬಿಡುವಾದಾಗಲೆಲ್ಲ ಹೋಗಿ ಬರುವಷ್ಟು ಹತ್ತಿರ. ಅದನ್ನು ಪೂರ್ತಿ ಮುಗಿಸಿ. ಸೌಂಡ್ ಮಿಕ್ಸ್, ಸಬ್‌ಟೈಟಲ್ ಎಲ್ಲ ಆಗಬೇಕು. ಮುಗಿಸುವುದನ್ನು ಕಲಿಯುವುದೇ ಮೊದಲ ಪಾಠ. ದೊಡ್ಡ ಚಿತ್ರದ ಎಡಿಟಿಂಗ್ ಬಂದಾಗ ಸಂಬಳವಿಲ್ಲದ ರಜೆ ಕೇಳಿ. ಪೂರ್ತಿ ಬಿಡುವ ಮಾತು, ಮುಂದಿನ ಹಂತದ ಖರ್ಚಿಗೆ ದುಡ್ಡು ಕೈಗೆ ಬಂದ ಮೇಲೆ.

ಪ್ರಶ್ನೆ: ಯಾವ ಕ್ಯಾಮೆರಾ ತೆಗೆದುಕೊಳ್ಳಲಿ? ಫೋನಿನಲ್ಲಿ ಮಾಡಿದರೆ ಯಾರಾದರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರಾ?

ತೆಗೆದುಕೊಳ್ಳುತ್ತಾರೆ. ಫ್ರಾನ್ಸಿನ ಆನ್ಯೆಸ್ ವಾರ್ದಾ 70 ದಾಟಿದ ಮೇಲೆ ಕೈಯಲ್ಲಿ ಹಿಡಿಯುವ ಸಣ್ಣ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡು ಮಾಡಿದ ಸಾಕ್ಷ್ಯಚಿತ್ರ 2000ದಲ್ಲಿ ಬಂತು. ಜಗತ್ತಿನಾದ್ಯಂತ ಜನ ಅದನ್ನು ಮೆಚ್ಚಿಕೊಂಡರು. ಇವತ್ತಿನ ಸಾಧಾರಣ ಫೋನಿನ ಚಿತ್ರ ಆ ಕಾಲದ ಕ್ಯಾಮೆರಾಕ್ಕಿಂತ ಸ್ಪಷ್ಟ.

ಉಳಿದ ದುಡ್ಡನ್ನು ಮೈಕಿಗೆ ಹಾಕಿ. ಸೌಂಡ್‌ನವಳು ಅಂತ ಪಕ್ಷಪಾತದಿಂದ ಹೇಳುತ್ತಿಲ್ಲ. ಚಿತ್ರ ಸ್ವಲ್ಪ ಮಂಜಾಗಿದ್ದರೆ ನೋಡುವವರು ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಅಮೆರಿಕದ ಫ್ರೆಡರಿಕ್ ವೈಸ್‌ಮನ್ ತಮ್ಮ ಚಿತ್ರಗಳಲ್ಲಿ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟು ಸೌಂಡ್ ತಾವೇ ಹಿಡಿಯುತ್ತಿದ್ದರು. ಒಬ್ಬ ನಿರ್ದೇಶಕನಿಗೆ ಯಾವುದು ಮುಖ್ಯ ಅಂತ ಇದರಿಂದಲೇ ತಿಳಿಯಬಹುದು, ಅಲ್ವಾ?

ಸುಮ್ನೆ ಮೈಕು ಕೊಂಡರೆ ಸಾಲದು, ಹೆಡ್‌ಫೋನ್ ಹಾಕಿಕೊಂಡೇ ರೆಕಾರ್ಡ್ ಮಾಡಿ. ಕಾಲರ್ ಮೈಕು ಬಟ್ಟೆಗೆ ಉಜ್ಜುವ ಸದ್ದು ಕಿವಿಗೆ ಹಾಗೇ ಕೇಳುವುದಿಲ್ಲ, ಹೆಡ್‌ಫೋನಿನಲ್ಲಿ ಕೇಳುತ್ತದೆ. ಹೊರಗೆ ಇದ್ದರೆ ಮೈಕಿಗೆ ಗಾಳಿ ತಡೆಯುವ ತುಪ್ಪಳದ ಹೊದಿಕೆ ಹಾಕಿ. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ. ಪ್ರತಿ ಜಾಗ ಬಿಡುವ ಮೊದಲು ಎಲ್ಲರನ್ನೂ ಸುಮ್ಮನಿರಲು ಹೇಳಿ, ಒಂದು ನಿಮಿಷ ಆ ಜಾಗದ ಬರೀ ಸದ್ದನ್ನು ಹಿಡಿಯಿರಿ. ಫ್ಯಾನಿನ ಗುಂಯ್ ಸದ್ದು, ದೂರದ ರಸ್ತೆ, ಏನಿದೆಯೋ ಅದು. ಮಾತಿನ ನಡುವೆ ಕತ್ತರಿ ಹಾಕಿದ ಕಡೆಯೆಲ್ಲ ಅದು ಬೇಕಾಗುತ್ತದೆ.

ಪ್ರಶ್ನೆ: ನಾಟಕದ ಬಟ್ಟೆ ಹೊಲಿಯುವ ಹಿರಿಯ ಮಹಿಳೆಯೊಬ್ಬರನ್ನು ಒಂದು ವರ್ಷದಿಂದ ಶೂಟ್ ಮಾಡುತ್ತಿದ್ದೇನೆ. ಈಗ ಅವರು ಮನೆಯ ಜಗಳ, ಮಗನ ಸಾಲ ಎಲ್ಲ ಹೇಳಿಕೊಳ್ಳುತ್ತಾರೆ. ಒಂದು ದಿನ ಇದನ್ನು ಹಾಕಬೇಡಮ್ಮ ಅನ್ನುತ್ತಾರೆ, ಮರುದಿನ ಅದನ್ನೇ ಮತ್ತೆ ಕ್ಯಾಮೆರಾ ಎದುರು ಹೇಳುತ್ತಾರೆ. ಒಪ್ಪಿಗೆ ಪತ್ರಕ್ಕೆ ಮೊದಲೇ ಸಹಿ ಮಾಡಿಸಿದ್ದೇನೆ. ಬಳಸಬಹುದಾ? ಅವರಿಗೆ ದುಡ್ಡು ಕೊಡಬೇಕಾ?

ಈ ಪತ್ರ ಓದಿ ನನಗೆ ಸಮಾಧಾನವಾಯಿತು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ.

ಸಹಿ ಮಾಡಿಸಿದ ಕಾಗದ ಬೇಕು. ಟಿವಿ ಚಾನೆಲ್‌ನವರು, ಚಿತ್ರ ಹಂಚುವವರು ಮೊದಲು ಕೇಳುವುದೇ ಅದನ್ನು. ಆದರೆ ಆ ಸಹಿ ಬಿದ್ದ ದಿನ ಅವರಿಗೆ ನೀವು ಯಾರು ಅಂತ ಸರಿಯಾಗಿ ಗೊತ್ತಿರಲಿಲ್ಲ. ತಾವು ಮುಂದೆ ಏನೇನು ಹೇಳಿಕೊಳ್ಳುತ್ತೇವೆ ಅಂತಲೂ ಗೊತ್ತಿರಲಿಲ್ಲ. ಆ ಕಾಗದ ನಿಮ್ಮನ್ನು ಕೋರ್ಟಿನಲ್ಲಿ ಕಾಯಬಹುದು. ಅವರನ್ನು ಕಾಯುವುದು ನಿಮ್ಮ ಕೆಲಸ.

ಬೇಡ ಅಂದವರು ಅದನ್ನೇ ಮತ್ತೆ ಹೇಳುವುದಕ್ಕೆ ಕಾರಣ ಇರುತ್ತದೆ. ನೀವು ಅವರಿಗೆ ಈಗ ಕ್ಯಾಮೆರಾದವರಲ್ಲ, ಮನೆಯ ಹುಡುಗಿ. ಅವರು ಹೇಳುತ್ತಿರುವುದು ನಿಮಗೆ, ನೋಡುವವರಿಗಲ್ಲ. ಹಾಗಾಗಿ ಅಂಥ ಮಾತು ಬಂದಾಗ ಕ್ಯಾಮೆರಾ ಕೆಳಗಿಡಿ, ಅವರಿಗೆ ಕಾಣುವ ಹಾಗೆ ಇಡಿ. ಕೇಳಿಸಿಕೊಳ್ಳಿ. ಇನ್ನೊಂದು ದಿನ, ಅವರು ಸಮಾಧಾನವಾಗಿರುವಾಗ, ಅವತ್ತು ಮಗನ ವಿಷಯ ಹೇಳಿದಿರಲ್ಲ, ಅದು ಚಿತ್ರದಲ್ಲಿ ಇರಬಹುದಾ ಅಂತ ನೇರವಾಗಿ ಕೇಳಿ. ಮಗ ನೋಡುತ್ತಾನೆ, ನೆರೆಯವರು ನೋಡುತ್ತಾರೆ ಅಂತಲೂ ಹೇಳಿ. ಆಗ ಬರುವ ಉತ್ತರವೇ ಒಪ್ಪಿಗೆ. ಮಗನ ಒಪ್ಪಿಗೆಯೂ ಬೇಕು. ಸಾಲ ಅವನದು.

ಆಂಬುಲೆನ್ಸ್ ಚಿತ್ರದಲ್ಲಿ ನಾನು ಒಂದು ನಿಯಮ ಇಟ್ಟುಕೊಂಡಿದ್ದೆ. ಗಾಡಿಯಲ್ಲಿ ಮಲಗಿದ ರೋಗಿಯ ಕಡೆ ಕ್ಯಾಮೆರಾ ತಿರುಗಿಸುವುದಿಲ್ಲ. ಪ್ರಜ್ಞೆ ಇಲ್ಲದವರು, ನೋವಿನಲ್ಲಿ ಇರುವವರು ಹೂಂ ಅಂದರೂ ಅದು ಒಪ್ಪಿಗೆ ಅಲ್ಲ. ಚಾಲಕರ ಮುಖ, ಕನ್ನಡಿ, ರಸ್ತೆ, ಹಿಂದಿನಿಂದ ಬರುವ ನರ್ಸ್ ದನಿ, ಇಷ್ಟೇ. ಬಹಳ ಒಳ್ಳೆಯ ದೃಶ್ಯ ಕಳೆದುಕೊಳ್ಳುತ್ತಿದ್ದೀರಿ ಅಂತ ನಮ್ಮ ಕ್ಯಾಮೆರಾ ಹುಡುಗ ಹೇಳುತ್ತಿದ್ದ. ಎಡಿಟಿಂಗ್‌ನಲ್ಲಿ ನೋಡಿದರೆ ಹಿಂದೆ ಏನಾಗುತ್ತಿದೆ ಅಂತ ಕಾಣದೆ ಇದ್ದದ್ದಕ್ಕೇ ಆ ಮುಖಕ್ಕೆ ತೂಕ ಬಂದಿತ್ತು.

ದುಡ್ಡಿನ ಮಾತು. ಹೀಗೆ ಹೇಳಿ, ಹಾಗೆ ಅಳಿ ಅಂತ ಕೊಡುವ ದುಡ್ಡು ಬೇಡ. ಅದು ಚಿತ್ರವನ್ನೂ ಕೆಡಿಸುತ್ತದೆ, ಅವರನ್ನೂ. ಆದರೆ ನಿಮ್ಮ ಶೂಟಿಂಗ್‌ನಿಂದ ಅವರ ಕೆಲಸದ ದಿನ ಹಾಳಾದರೆ ಅದನ್ನು ತುಂಬಿಕೊಡಿ. ಮೊದಲೇ ಮಾತಾಡಿ, ಬಜೆಟ್‌ನಲ್ಲೇ ಬರೆದಿಡಿ. ಚಿತ್ರ ದುಡ್ಡು ಮಾಡಿದರೆ ಪಾಲು ಕೊಡಿ. 1994ರ ‘ಹೂಪ್ ಡ್ರೀಮ್ಸ್’ ಚಿತ್ರ ಬಾಸ್ಕೆಟ್‌ಬಾಲ್ ಆಡುವ ಇಬ್ಬರು ಹುಡುಗರದು. ಅದರಿಂದ ಬಂದ ಲಾಭದಲ್ಲಿ ಆ ಹುಡುಗರ ಕುಟುಂಬಗಳಿಗೂ ಪಾಲು ಹೋಯಿತು. ಅದು ನನಗೆ ಬಹಳ ಸರಿ ಅನ್ನಿಸುತ್ತದೆ.

ಎಡಿಟಿಂಗ್ ಇನ್ನು ಬದಲಿಸುವುದಿಲ್ಲ ಅಂತ ಪೂರ್ತಿ ಮುಗಿಸುವ ಮೊದಲು ಚಿತ್ರವನ್ನು ಅವರಿಗೆ ತೋರಿಸಿ. ಜನರ ನಡುವೆ ಬೇಡ, ಅವರ ಮನೆಯಲ್ಲಿ, ಅವರೊಬ್ಬರಿಗೇ. ಬದಲಿಸಲು ಇನ್ನೂ ಸಮಯ ಇರುವಾಗ.

ಪ್ರಶ್ನೆ: ಮೀನುಗಾರರೊಬ್ಬರು ಬಲೆ ಎಳೆಯುವ ಶಾಟ್ ತಪ್ಪಿಹೋಯಿತು. ಇನ್ನೊಮ್ಮೆ ಮಾಡಿ ಅಂತ ಕೇಳಿದರೆ ಅದು ಸುಳ್ಳಾಗುತ್ತದಾ?

ದಿನಾ ಮಾಡುವ ಕೆಲಸವನ್ನು ನಾಳೆ ಮತ್ತೆ ಮಾಡುತ್ತಾರೆ. ನಾಳೆ ಹೋಗಿ. ಅದೇ ಸುಲಭದ ಉತ್ತರ.

ಈ ಪ್ರಶ್ನೆ ಸಾಕ್ಷ್ಯಚಿತ್ರ ಹುಟ್ಟಿದಾಗಿನಿಂದಲೂ ಇದೆ. ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ಕೆನಡಾದ ಉತ್ತರದ ಇನ್ಯೂಟ್ ಜನರ ಬಗ್ಗೆ ‘ನಾನೂಕ್ ಆಫ್ ದ ನಾರ್ತ್’ ತಂದರು. ಹಿಮದ ಮನೆಯ ಒಳಗೆ ಬೆಳಕು ಸಾಲದೆ, ಕ್ಯಾಮೆರಾ ಹಿಡಿಸದೆ, ಒಂದು ಕಡೆ ತೆರೆದ ದೊಡ್ಡ ಮನೆ ಕಟ್ಟಿಸಿದರು. ಆ ಮಾರ್ಪಾಡನ್ನು ನಾನು ಒಪ್ಪಬಲ್ಲೆ. ಆದರೆ ಚಿತ್ರದ ನಾಯಕ ನಾನೂಕ್‌ನ ಹೆಂಡತಿ ಅಂತ ತೋರಿಸಿದವರು ಅವನ ಹೆಂಡತಿ ಅಲ್ಲ. ಬಂದೂಕು ಗೊತ್ತಿದ್ದ ಜನರ ಕೈಗೆ ಬರೀ ಈಟಿ ಕೊಟ್ಟು ಬೇಟೆ ಆಡಿಸಿದರು. ಅಲ್ಲಿ ಅವರ ಬದುಕನ್ನೇ ಬೇರೆ ಮಾಡಿ ತೋರಿಸಿದಂತಾಯಿತು. ಬೆಳಕಿಗಾಗಿ ಕಿಟಕಿ ತೆಗೆಸಬಹುದು. ಆಗದಿದ್ದ ಜಗಳ, ಇಲ್ಲದ ನಂಟು, ಬಿಟ್ಟುಹೋದ ಪದ್ಧತಿಯನ್ನು ಇವತ್ತಿನದು ಅಂತ ತೋರಿಸಬಾರದು. ನೋಡುವವರು ನಿಮ್ಮನ್ನು ನಂಬಿ ಕೂತಿರುತ್ತಾರೆ.

ಪ್ರಶ್ನೆ: ಫುಟೇಜ್ ಎಲ್ಲ ಒಂದೇ ಹಾರ್ಡ್ ಡಿಸ್ಕ್‌ನಲ್ಲಿದೆ. ಇನ್ನೊಂದು ಕೊಳ್ಳಲೇಬೇಕಾ?

ಇವತ್ತೇ ಕೊಳ್ಳಿ. ಮೇಲೆ ಹೇಳಿದ ಫ್ಲಾಹರ್ಟಿ ಅದಕ್ಕೂ ಮೊದಲು ವರ್ಷಗಟ್ಟಲೆ ತೆಗೆದ ಫಿಲ್ಮಿನ ನೆಗೆಟಿವ್ ಅವರದೇ ಸಿಗರೇಟಿನ ಕಿಡಿಯಿಂದ ಸುಟ್ಟುಹೋಯಿತು. ಮತ್ತೆ ಹೋಗಿ ತೆಗೆದದ್ದೇ 1922ರ ಚಿತ್ರ. ನಿಮಗೆ ಮತ್ತೆ ಹೋಗುವ ಅವಕಾಶ ಸಿಗದೇ ಇರಬಹುದು. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಕಾಪಿ ಆಯಿತು ಅಂತ ತೋರಿಸಿದರೆ ಸಾಲದು, ತೆರೆದು ನೋಡಿ. ಆಮೇಲೆ ಮಾತ್ರ ಕ್ಯಾಮೆರಾದ ಮೆಮೊರಿ ಕಾರ್ಡ್ ಅಳಿಸಿ.

ಪ್ರಶ್ನೆ: ಗ್ರ್ಯಾಂಟ್‌ಗೆ ಅರ್ಜಿ ಹಾಕಿದ್ದೆಲ್ಲ ತಿರಸ್ಕೃತವಾಗುತ್ತಿದೆ. ಈ ನಡುವೆ ಒಂದು ಚಾನೆಲ್ ಪೂರ್ತಿ ದುಡ್ಡು ಹಾಕುತ್ತೇವೆ, ಹಕ್ಕೆಲ್ಲ ನಮಗೆ ಅನ್ನುತ್ತಿದೆ. ಒಪ್ಪಲಾ?

ನೀವು ಕಳಿಸಿದ ಅರ್ಜಿಯ ಪ್ರತಿ ಓದಿದೆ. ನೀರಿನ ಸಮಸ್ಯೆ ಎಷ್ಟು ದೊಡ್ಡದು ಅಂತ ನಾಲ್ಕು ಪುಟ ಇದೆ. ಯಾರ ಜೊತೆ ಇರುತ್ತೀರಿ, ತೆರೆಯ ಮೇಲೆ ಏನು ಕಾಣುತ್ತದೆ ಅನ್ನುವುದು ಎರಡು ಸಾಲು. ಅರ್ಜಿ ಓದುವವರಿಗೆ ನೀರಿನ ಸಮಸ್ಯೆ ಗೊತ್ತು. ನಿಮ್ಮ ಚಿತ್ರದ ಆ ಹೆಂಗಸು ಗೊತ್ತಿಲ್ಲ. ಅವರಿಂದಲೇ ಶುರು ಮಾಡಿ. ಅವರ ಒಂದು ದಿನ ಬರೆಯಿರಿ. ನಿಮ್ಮನ್ನು ಅವರು ಯಾಕೆ ಮನೆಯೊಳಗೆ ಬಿಟ್ಟುಕೊಂಡರು ಅಂತ ಬರೆಯಿರಿ, ಅದು ಬೇರೆ ಯಾರಿಂದಲೂ ಆಗದ ಮಾತು. ಜೊತೆಗೆ ಕಳಿಸುವ ತುಣುಕಿಗೆ ಅಬ್ಬರದ ಸಂಗೀತ ಹಾಕಿ ಟ್ರೇಲರ್ ಮಾಡಬೇಡಿ. ಒಂದು ಪೂರ್ತಿ ದೃಶ್ಯ, ಮೂರೋ ನಾಲ್ಕೋ ನಿಮಿಷ, ಕತ್ತರಿಸದೆ ಬಿಡಿ. ಬಜೆಟ್‌ನಲ್ಲಿ ನಿಮ್ಮ ಸಂಬಳ ಸೊನ್ನೆ ಅಂತ ಹಾಕಿದ್ದೀರಿ. ಅದು ತ್ಯಾಗದ ಹಾಗೆ ಕಾಣುವುದಿಲ್ಲ, ಲೆಕ್ಕ ಗೊತ್ತಿಲ್ಲದವರ ಹಾಗೆ ಕಾಣುತ್ತದೆ. ನಿಮ್ಮ ಕೂಲಿ ಹಾಕಿ.

ಎಲ್ಲಿ ಹಾಕಬೇಕು ಅನ್ನುವುದನ್ನೂ ನೋಡಿ. ಆಮ್‌ಸ್ಟರ್‌ಡ್ಯಾಮ್‌ನ ಇಡ್ಫಾ ಸಾಕ್ಷ್ಯಚಿತ್ರೋತ್ಸವಕ್ಕೆ ಸೇರಿದ ಬರ್ಥಾ ಫಂಡ್ ಇದೆ. 1998ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಂಥ ಕಡೆಯ ನಿರ್ದೇಶಕರಿಗೆ ಅಂತಲೇ ಇರುವುದು. ಅಮೆರಿಕದ ಸನ್‌ಡಾನ್ಸ್ ಸಂಸ್ಥೆಗೂ ಸಾಕ್ಷ್ಯಚಿತ್ರದ ನಿಧಿ ಇದೆ. ನಿಯಮಗಳು ಬದಲಾಗುತ್ತಿರುತ್ತವೆ, ಪ್ರತಿ ಸಲ ಹೊಸದಾಗಿ ಓದಿ. ಒಂದೇ ಅರ್ಜಿಯನ್ನು ಎಲ್ಲ ಕಡೆ ಹಾಕಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಚಾನೆಲ್ ವಿಷಯ. ನಾನಾದರೆ ಒಪ್ಪುವುದಿಲ್ಲ. ಇಷ್ಟು ವರ್ಷಕ್ಕೆ, ಇಂಥ ಭಾಷೆಗೆ, ಟಿವಿಗೆ ಮಾತ್ರ ಅಂತ ಹಕ್ಕು ಕೊಡುವ ದಾರಿ ಕೇಳಿ. ಎಲ್ಲ ಹಕ್ಕು ಕೊಟ್ಟರೆ ಆ ಹೆಂಗಸಿಗೆ ನೀವು ಕೊಟ್ಟ ಮಾತೂ ಚಾನೆಲ್‌ನವರ ಕೈಗೆ ಹೋಗುತ್ತದೆ. ಅವರು ನಾಳೆ ಅದನ್ನು ತುಂಡು ಮಾಡಿ ಎಲ್ಲಿ ಬೇಕಾದರೂ ಅಂಟಿಸಬಹುದು, ನೀವು ತಡೆಯಲಾಗುವುದಿಲ್ಲ. ವೈಸ್‌ಮನ್ 1971ರಲ್ಲಿ ತಮ್ಮ ಚಿತ್ರ ಹಂಚಲು ತಮ್ಮದೇ ಕಂಪನಿ ಮಾಡಿಕೊಂಡರು. ದಶಕಗಳ ಕಾಲ ಅವರ ಹಳೆಯ ಚಿತ್ರಗಳು ಕಾಲೇಜುಗಳಿಗೆ, ಗ್ರಂಥಾಲಯಗಳಿಗೆ ಹೋಗುತ್ತಲೇ ಇದ್ದವು. ಸಾಕ್ಷ್ಯಚಿತ್ರದ ಗಳಿಕೆ ಒಂದೇ ಸಲಕ್ಕೆ ಬರುವುದು ಕಡಿಮೆ, ಸಣ್ಣ ಸಣ್ಣದಾಗಿ ಬಹಳ ವರ್ಷ ಬರುತ್ತದೆ. ಹಕ್ಕು ನಿಮ್ಮ ಹತ್ತಿರ ಇದ್ದರೆ ಮಾತ್ರ. ಸಹಿ ಹಾಕುವ ಮೊದಲು ಹಕ್ಕುಸ್ವಾಮ್ಯ ತಿಳಿದ ವಕೀಲರಿಗೆ ಕರಾರು ತೋರಿಸಿ. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಪ್ರಶ್ನೆ: ನನ್ನ ಮಗಳು ನಾಲ್ಕು ವರ್ಷದಿಂದ ಒಂದೇ ಚಿತ್ರ ಮಾಡುತ್ತಿದ್ದಾಳೆ. ಕೇಳಿದರೆ ಇನ್ನೂ ಮುಗಿದಿಲ್ಲ ಅನ್ನುತ್ತಾಳೆ. ತೋರಿಸುವುದೂ ಇಲ್ಲ. ಇದು ಕೆಲಸವಾ, ಇಲ್ಲಾ ಅವಳು ದಾರಿ ತಪ್ಪಿದ್ದಾಳಾ? ಬೈದು ಹೇಳಲು ಮನಸ್ಸಿಲ್ಲ.

ಅಮ್ಮಾ, ನಾಲ್ಕು ವರ್ಷ ಈ ಕೆಲಸದಲ್ಲಿ ವಿಚಿತ್ರ ಅಲ್ಲ. ಮೇಲೆ ‘ಹೂಪ್ ಡ್ರೀಮ್ಸ್’ ಬಗ್ಗೆ ಹೇಳಿದೆನಲ್ಲ, ಅದನ್ನು 30 ನಿಮಿಷದ ಚಿತ್ರ ಅಂತ ಶುರು ಮಾಡಿದ್ದರು. ಶೂಟಿಂಗೇ ಸುಮಾರು 5 ವರ್ಷ ಹಿಡಿಯಿತು. ಸುಮಾರು 250 ಗಂಟೆ ಫುಟೇಜ್ ಸೇರಿತು. ಕೊನೆಗೆ ಮೂರು ಗಂಟೆಗೆ ಹತ್ತಿರದ ಚಿತ್ರವಾಯಿತು. ಆ ಹುಡುಗರು ಬೆಳೆಯುವುದನ್ನು ಕಾಯದೆ ಆ ಚಿತ್ರ ಆಗುತ್ತಲೇ ಇರಲಿಲ್ಲ.

250 ಗಂಟೆ ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಒಮ್ಮೆ ಪೂರ್ತಿ ನೋಡಲೇ ದಿನಕ್ಕೆ 8 ಗಂಟೆಯಂತೆ ಒಂದು ತಿಂಗಳಿಗಿಂತ ಜಾಸ್ತಿ ಬೇಕು. ಅದರಲ್ಲಿ ಯಾರು ಏನು ಹೇಳಿದರು ಅಂತ ಬರೆದುಕೊಳ್ಳಬೇಕು. ಆಮೇಲೆ ಜೋಡಿಸಿ, ಕೆಡವಿ, ಮತ್ತೆ ಜೋಡಿಸಬೇಕು. ನಿಮ್ಮ ಮಗಳು ಕಂಪ್ಯೂಟರ್ ಮುಂದೆ ಸುಮ್ನೆ ಕೂತ ಹಾಗೆ ಕಾಣುವ ಹೊತ್ತಿನಲ್ಲಿ ಬಹುಶಃ ಇದೇ ನಡೆಯುತ್ತಿರುತ್ತದೆ.

ತೋರಿಸುತ್ತಿಲ್ಲ ಅನ್ನುವುದು ಮಾತ್ರ ಗಮನಿಸಬೇಕಾದ ವಿಷಯ. ನಿಮಗೆ ತೋರಿಸದಿದ್ದರೂ ಪರವಾಗಿಲ್ಲ. ಆದರೆ ಯಾರಿಗಾದರೂ ತೋರಿಸುತ್ತಿರಬೇಕು. ರಫ್ ಕಟ್, ಅಂದರೆ ಚಿತ್ರದ ಕಚ್ಚಾ ಜೋಡಣೆ ಮಾಡಿ, ಈ ಕಥೆ ಗೊತ್ತಿಲ್ಲದ ನಾಲ್ಕೈದು ಜನರನ್ನು ಕೂರಿಸಿ ನೋಡಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಯಾರಿಗೂ ತೋರಿಸದೆ ಒಬ್ಬಳೇ ಎಡಿಟ್ ಮಾಡುತ್ತಿದ್ದರೆ ಅವಳಿಗೆ ಒಬ್ಬ ಎಡಿಟರ್ ಬೇಕು. ಅಷ್ಟು ದಿನ ಆ ಜನರ ಜೊತೆ ಇದ್ದವರಿಗೆ ಎಲ್ಲವೂ ಪ್ರೀತಿಯದೇ ಆಗಿರುತ್ತದೆ, ಯಾವುದನ್ನೂ ಬಿಡಲು ಮನಸ್ಸಾಗುವುದಿಲ್ಲ. ಹೊರಗಿನವರ ಕಣ್ಣು ಬೇಕು.

ಯಾವಾಗ ಮುಗಿಯುತ್ತದೆ ಅಂತ ಕೇಳಬೇಡಿ. ಈಗ ಯಾವ ದೃಶ್ಯ ಜೋಡಿಸುತ್ತಿದ್ದೀಯಾ, ಅದರಲ್ಲಿ ಯಾರಿದ್ದಾರೆ ಅಂತ ಕೇಳಿ. ಉತ್ತರ ಹೇಳುತ್ತಾ ಹೋದಳು ಅಂದರೆ ಕೆಲಸ ನಡೆಯುತ್ತಿದೆ. ಉತ್ತರವೇ ಇಲ್ಲದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಅದು ಚಿತ್ರದ ಪ್ರಶ್ನೆ ಅಲ್ಲ. ಆಗ ಅವಳ ಜೊತೆ ಕೂರಿ, ಬೇಕಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಹಳ ದಿನ ಬೇರೆಯವರ ನೋವು ನೋಡಿದವರಿಗೆ ಅದರ ಭಾರ ತಾಗುತ್ತದೆ. ಬೈಯದೆ ಕಾದಿದ್ದೀರಲ್ಲ, ಅವಳಿಗೆ ಅದರಿಂದ ಬಹಳ ಸಹಾಯವಾಗಿದೆ.

ಪ್ರಶ್ನೆ: ಚಿತ್ರ ಮುಗಿಯಿತು. ಯೂಟ್ಯೂಬ್‌ಗೆ ಹಾಕಿಬಿಡಲಾ? ಜನ ನೋಡಿದರೆ ಸಾಕು.

ಒಂದು ವರ್ಷ ತಡೆಯಿರಿ. ದೊಡ್ಡ ಉತ್ಸವಗಳು ಬೇರೆಲ್ಲೂ ತೋರಿಸದ ಚಿತ್ರಕ್ಕೆ ಆದ್ಯತೆ ಕೊಡುತ್ತವೆ. ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರೆ ಎಷ್ಟೋ ಬಾಗಿಲು ಮುಚ್ಚುತ್ತವೆ. ಇಡ್ಫಾ ನವೆಂಬರ್‌ನಲ್ಲಿ ನಡೆಯುತ್ತದೆ. ಟೊರಾಂಟೋದ ಹಾಟ್ ಡಾಕ್ಸ್ ಏಪ್ರಿಲ್, ಮೇ ಹೊತ್ತಿಗೆ. ಜಪಾನಿನ ಯಮಗಾಟಾ 1989ರಲ್ಲಿ ಶುರುವಾದದ್ದು, ಎರಡು ವರ್ಷಕ್ಕೊಮ್ಮೆ. ಅರ್ಜಿಯ ಕೊನೆಯ ದಿನ ತಿಂಗಳುಗಳ ಮೊದಲೇ ಇರುತ್ತದೆ. ಅರ್ಜಿಗೇ ಶುಲ್ಕ ಕೇಳುವ, ಆದರೆ ಎಲ್ಲಿ ನಡೆಯುತ್ತದೆ, ಯಾರು ನೋಡುತ್ತಾರೆ ಅಂತ ಸ್ಪಷ್ಟವಿಲ್ಲದ ಉತ್ಸವಗಳೂ ಬಹಳ ಇವೆ. ಹಿಂದಿನ ವರ್ಷ ಅಲ್ಲಿ ಚಿತ್ರ ತೋರಿಸಿದ ಒಬ್ಬ ನಿರ್ದೇಶಕರಿಗೆ ಬರೆದು ಕೇಳಿ, ನಮ್ಮ ಕ್ಷೇತ್ರದಲ್ಲಿ ಬಹಳ ಜನ ಉತ್ತರ ಕೊಡುತ್ತಾರೆ.

ಜನ ನೋಡಿದರೆ ಸಾಕು ಅನ್ನುವ ನಿಮ್ಮ ಮಾತು ನನಗೆ ಇಷ್ಟವಾಯಿತು. ಹಾಗಿದ್ದರೆ ಉತ್ಸವದ ಉತ್ತರಕ್ಕೆ ಕಾಯುವಾಗಲೇ ಶಾಲೆ, ಕಾರ್ಮಿಕರ ಸಂಘ, ಗ್ರಂಥಾಲಯಗಳ ಜೊತೆ ಮಾತಾಡಿಕೊಳ್ಳಿ. ನಲವತ್ತು ಜನ ಒಟ್ಟಿಗೆ ಕೂತು ನೋಡಿ, ಆಮೇಲೆ ಒಂದು ಗಂಟೆ ಮಾತಾಡಿದರೆ ಚಿತ್ರಕ್ಕೆ ಸಿಗುವ ಬದುಕೇ ಬೇರೆ. ಮೊದಲ ಪ್ರದರ್ಶನ ಆದ ಮೇಲೆ ಇವೆಲ್ಲ ಶುರು ಮಾಡಬಹುದು. ಅಲ್ಲಿಯ ತನಕ ಲಿಂಕ್‌ಗೆ ಪಾಸ್‌ವರ್ಡ್ ಹಾಕಿಡಿ. ಸಬ್‌ಟೈಟಲನ್ನು ಇನ್ನೊಬ್ಬರಿಂದ ಒಮ್ಮೆ ಓದಿಸಿ. ನೀವು ಕಳಿಸಿದ ಪ್ರತಿಯಲ್ಲಿ ಎರಡನೇ ದೃಶ್ಯದ ಸಾಲುಗಳು ಮಾತಿಗಿಂತ ಮೊದಲೇ ಬರುತ್ತಿವೆ.